ಖಂಭಾತ್ ಕೊಲ್ಲಿಯ ಜೌಗುನೆಲದ ನಕ್ಷೆಗಳು

ಖಂಭಾತ್ ಕೊಲ್ಲಿಯ ಜೌಗುನೆಲದ ನಕ್ಷೆಗಳು ಎಂದರೆ ಗುಜರಾತಿನ ಸಾಬರಮತಿ ಮುಖದಿಂದ ಸೂರತ್ ಬಳಿಯ ಮಿಂಢೋಳಾ ಅಳಿವೆಯವರೆಗಿನ ಕೊಲ್ಲಿಯ ಪೂರ್ವ ದಂಡೆಯನ್ನು ಬೇರೆ ಬೇರೆ ಕಾಲಗಳಲ್ಲಿ, ಬೇರೆ ಬೇರೆ ಉದ್ದೇಶಗಳಿಗಾಗಿ ಗುರುತಿಸಿದ ಕಡಲ ಪಟಗಳು, ಭೂಲಕ್ಷಣ ಹಾಳೆಗಳು, ಕಂದಾಯ ನಕ್ಷೆಗಳು ಹಾಗೂ ಉಪಗ್ರಹ ಚಿತ್ರಗಳಿಂದ ತಯಾರಾದ ನಕ್ಷೆಗಳ ಒಟ್ಟು ಸಂಗ್ರಹ. 1958ರಿಂದ ಈಚೆಗೆ ಈ ದಂಡೆಯಲ್ಲಿ ಬೆಳೆದ ತೈಲ ಮತ್ತು ಅನಿಲ ಉದ್ಯಮ ನೆಲ ನೀರುಗಳ ಎಲ್ಲೆಯನ್ನು ಹೇಗೆ ಬದಲಿಸಿತು ಎಂಬುದಕ್ಕೆ ಇವೇ ಮುಖ್ಯ ದಾಖಲೆ. ಇವುಗಳಲ್ಲಿ ಜೌಗುನೆಲವನ್ನು ತೋರಿಸಲೆಂದೇ ತಯಾರಾದ ನಕ್ಷೆಗಳು 1990ರ ದಶಕಕ್ಕಿಂತ ಹಳೆಯವಲ್ಲ. ಅದಕ್ಕೂ ಹಿಂದಿನ ನಕ್ಷೆಗಳಲ್ಲಿ ಜೌಗು ಕಾಣಿಸಿಕೊಳ್ಳುವುದು ಹಡಗಿಗೆ ಅಡ್ಡಿಯಾಗಿ, ತೆರಿಗೆ ಬಾರದ ಖರಾಬಾಗಿ ಅಥವಾ ಬಣ್ಣ ತುಂಬದೆ ಬಿಟ್ಟ ಜಾಗವಾಗಿ.

ಈ ಲೇಖನದಲ್ಲಿ ಕರಾವಳಿ ಜೌಗು ಎಂದರೆ ಕೆಸರುಬಯಲು, ಉಪ್ಪುಜೌಗು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಅಳಿವೆ ಮತ್ತು ಅದರ ಕವಲುಗಳು ಸೇರಿದ, ಉಬ್ಬರದ ನೀರು ಮುಟ್ಟುವ ಎಲ್ಲ ನೆಲ. ಅತ್ಯಧಿಕ ಉಬ್ಬರದ ನೀರು ತಲುಪುವ ಗಡಿಯನ್ನು ಉಬ್ಬರರೇಖೆ ಎಂದೂ, ಅತ್ಯಧಿಕ ಇಳಿತದ ಗಡಿಯನ್ನು ಇಳಿತರೇಖೆ ಎಂದೂ ಕರೆಯಲಾಗಿದೆ.

ನೆಲದ ಸ್ವರೂಪ

ಸಾಬರಮತಿ, ಮಹಿ, ಢಾಢರ್, ನರ್ಮದಾ, ಕಿಮ್, ತಾಪಿ, ಮಿಂಢೋಳಾ ನದಿಗಳು ಕೊಲ್ಲಿಗೆ ಹೂಳು ತಂದು ಸುರಿಯುತ್ತವೆ. ಕೊಲ್ಲಿ ಉತ್ತರಕ್ಕೆ ಹೋದಂತೆ ಕಿರಿದಾಗುವುದರಿಂದ ಉಬ್ಬರ ಏರುತ್ತಾ ಹೋಗುತ್ತದೆ. ಪಶ್ಚಿಮ ದಂಡೆಯ ಭಾವನಗರದ ಬಳಿ ಉಬ್ಬರ ಇಳಿತಗಳ ಅಂತರ 10 ಮೀಟರ್ ಮೀರುವುದುಂಟು. ಕರ್ನಾಟಕದ ಕರಾವಳಿಯಲ್ಲಿ ಈ ಅಂತರ ಒಂದೆರಡು ಮೀಟರಿನಷ್ಟು ಮಾತ್ರ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಡೆಯಲು ಸಾಲುವ ಮಣ್ಣಿನ ಏರಿ ಇಲ್ಲಿ ನಿಲ್ಲುವುದಿಲ್ಲ. ದಂಡೆ ಬಹುಪಾಲು ಸಮತಟ್ಟು. ಸಾವಿರ ಮೀಟರಿಗೆ ಒಂದು ಮೀಟರ್ ಇಳಿಜಾರಿರುವ ಕೆಸರುಬಯಲಿನಲ್ಲಿ ನೀರು ಒಂದು ಮೀಟರ್ ಇಳಿದರೆ ತೀರ ಒಂದು ಕಿಲೋಮೀಟರ್ ಸರಿಯುತ್ತದೆ. ಈ ದಂಡೆಯ ಎರಡು ನಕ್ಷೆಗಳನ್ನು ಹೋಲಿಸುವಾಗ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಇಲ್ಲಿಂದ ಹುಟ್ಟುತ್ತವೆ.

ಕೆಸರಿನ ಕೆಳಗಿರುವುದು ಖಂಭಾತ್ ದ್ರೋಣಿ. ದಖ್ಖನ್ ಲಾವಾ ಹಾಸಿನ ಮೇಲೆ ಉತ್ತರ ವಾಯವ್ಯದಿಂದ ದಕ್ಷಿಣ ಆಗ್ನೇಯಕ್ಕೆ ಚಾಚಿದ ಸೀಳುಕಣಿವೆ ಇದು. ಇದರಲ್ಲಿ ತುಂಬಿದ ತೃತೀಯ ಯುಗದ ಪದರಗಳಲ್ಲಿ ಖಂಭಾತ್ ಜೇಡಿಶಿಲೆ ತೈಲದ ಮೂಲ; ಅಂಕಲೇಶ್ವರ ಶ್ರೇಣಿಯ ಮರಳುಗಲ್ಲು ಅದು ಸಂಗ್ರಹವಾಗುವ ತಾಣ. ಅಹಮದಾಬಾದ್, ವಡೋದರಾ, ಭರೂಚ್, ಸೂರತ್ ಜಿಲ್ಲೆಗಳ ತೈಲ ಅನಿಲ ಕ್ಷೇತ್ರಗಳೆಲ್ಲ ಈ ಒಂದೇ ಸೀಳಿನ ಮೇಲಿವೆ.

ತೈಲಪೂರ್ವ ನಕ್ಷೆಗಳು

ಈ ದಂಡೆಯ ಅತ್ಯಂತ ಹಳೆಯ ಬರಹರೂಪದ ವಿವರ ಕ್ರಿಸ್ತಶಕ ಒಂದನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ಕಡಲಪಥ ಕೈಪಿಡಿಯಲ್ಲಿದೆ. ಭರೂಚಿನ ಕೊಲ್ಲಿಯ ಮರಳದಿನ್ನೆಗಳನ್ನು, ಉಬ್ಬರದ ರಭಸವನ್ನು ಹಾಗೂ ಹಡಗುಗಳನ್ನು ಒಳಕ್ಕೆ ಎಳೆದು ತರುತ್ತಿದ್ದ ಸ್ಥಳೀಯ ಮೀನುಗಾರರನ್ನು ಅದು ವಿವರಿಸುತ್ತದೆ. ಟಾಲೆಮಿಯ ಭೂಗೋಳದಲ್ಲಿಯೂ ಈ ಕೊಲ್ಲಿ ಇದೆ, ಆದರೆ ಅದರ ಆಕಾರವನ್ನು ಇಂದಿನ ತೀರದೊಂದಿಗೆ ಹೋಲಿಸಲು ಬರುವುದಿಲ್ಲ.

ಹದಿನೇಳನೆಯ ಶತಮಾನದಲ್ಲಿ ನಕ್ಷೆಗಾರರ ಗಮನ ಸೂರತ್ ಕಡೆಗೆ ಹೊರಳಿತು. ತಾಪಿ ಮುಖದ ಉತ್ತರಕ್ಕಿರುವ ಸುವಾಲಿ ತೀರದಲ್ಲಿ ಮರಳದಿನ್ನೆಯ ಮರೆಯ ಆಳವಾದ ಕಾಲುವೆಯೊಂದು ಹಡಗುಗಳಿಗೆ ಆಸರೆಯಾಗಿತ್ತು. ಇಂಗ್ಲಿಷರು ಅದನ್ನು ಸ್ವಾಲಿ ಹೋಲ್ ಎಂದು ಗುರುತಿಸಿದರು. 1612ರಲ್ಲಿ ಇಂಗ್ಲಿಷರೂ ಪೋರ್ಚುಗೀಸರೂ ಇದೇ ನೀರಿನಲ್ಲಿ ಕಾದಾಡಿದರು. 1615ರಲ್ಲಿ ಇಂಗ್ಲಿಷ್ ರಾಯಭಾರಿ ಥಾಮಸ್ ರೋ ಇಲ್ಲಿಯೇ ಇಳಿದ. ವಿಲಿಯಂ ಬ್ಯಾಫಿನ್ 1619ರಲ್ಲಿ ಪ್ರಕಟಿಸಿದ ಮೊಘಲ್ ಸಾಮ್ರಾಜ್ಯದ ನಕ್ಷೆಯಲ್ಲಿ ಕೊಲ್ಲಿ ಸ್ಥೂಲವಾಗಿ ಮೂಡಿದೆ. ಸುವಾಲಿಯ ಕಾಲುವೆ ಕ್ರಮೇಣ ಹೂಳಿನಿಂದ ಮುಚ್ಚಿತು. ಅದರ ಪಕ್ಕದ ಹಜಿರಾ ಇಂದು ದೇಶದ ದೊಡ್ಡ ಅನಿಲ ಸಂಸ್ಕರಣ ಕೇಂದ್ರಗಳಲ್ಲೊಂದು. ಕೊಲ್ಲಿಯ ತಲೆಯಲ್ಲಿದ್ದ ಖಂಭಾತ್ ಬಂದರೂ ಹೂಳಿನಿಂದಲೇ ಕ್ಷೀಣಿಸಿತು. ತೀರ ಸರಿಯಲು ಇಲ್ಲಿ ಉದ್ಯಮವೇ ಬೇಕಿರಲಿಲ್ಲ ಎಂಬುದಕ್ಕೆ ಈ ಎರಡು ಬಂದರುಗಳು ಸಾಕ್ಷಿ.

ಕ್ರಮಬದ್ಧ ಅಳತೆ ಆರಂಭವಾದದ್ದು ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ. ಜೇಮ್ಸ್ ರೆನೆಲ್‌ನ 1782ರ ‘ಹಿಂದೂಸ್ಥಾನದ ನಕ್ಷೆ’ ಆಗ ಲಭ್ಯವಿದ್ದ ಮಾಹಿತಿಯನ್ನು ಒಟ್ಟುಗೂಡಿಸಿತು. ಬಾಂಬೆ ಪ್ರಾಂತದ ಸರ್ವೇಯರ್ ಜನರಲ್ ಆಗಿದ್ದ ಚಾರ್ಲ್ಸ್ ರೆನಾಲ್ಡ್ಸ್ ಗುಜರಾತಿನ ಒಳನಾಡಿನ ದಾರಿಗಳನ್ನು ಅಳೆಸಿದ. 1830ರ ದಶಕದಲ್ಲಿ ಇಂಡಿಯನ್ ನೇವಿಯ ಲೆಫ್ಟಿನೆಂಟ್ ಈಥರ್ಸಿ ಕೊಲ್ಲಿಯ ಆಳಗಳನ್ನು ಅಳೆದ. ಮಹಿ ಸಾಬರಮತಿ ಮುಖಗಳಲ್ಲಿ ಗೋಡೆಯಂತೆ ಎದ್ದು ನುಗ್ಗುವ ಉಬ್ಬರದ ಅಲೆಯ ಬಗ್ಗೆ ಆತ ಬರೆದ ಟಿಪ್ಪಣಿ ಈಗಲೂ ಉಲ್ಲೇಖಗೊಳ್ಳುತ್ತದೆ. ಭೂಭಾಗದ ಅಳತೆಗೆ ತಳಹದಿಯಾದ ಮಹಾ ತ್ರಿಕೋನಮಿತಿ ಸಮೀಕ್ಷೆಯ ಮೂಲ ಮೈಸೂರು ಸೀಮೆಯಲ್ಲಿದೆ: ವಿಲಿಯಂ ಲ್ಯಾಂಬ್ಟನ್ ತನ್ನ ಮೊದಲ ಪ್ರಾಯೋಗಿಕ ತಳರೇಖೆಯನ್ನು 1800ರಲ್ಲಿ ಬೆಂಗಳೂರಿನ ಬಳಿ ಅಳೆದಿದ್ದ.

ಇದೇ ಅವಧಿಯ ಕಂದಾಯ ನಕ್ಷೆಗಳು ಬೇರೆ ಬಗೆಯವು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ 1830ರ ದಶಕದಲ್ಲಿ ರೂಪಿಸಿದ ಬಾಂಬೆ ಪದ್ಧತಿಯ ಜಮಾಬಂದಿ ಸಮೀಕ್ಷೆ ಧಾರವಾಡ, ಬೆಳಗಾವಿಗಳಂತೆ ಸೂರತ್, ಭರೂಚ್ ಜಿಲ್ಲೆಗಳಿಗೂ ಅನ್ವಯವಾಯಿತು. ನಮ್ಮ ಪಹಣಿಯಲ್ಲಿ ಇಂದಿಗೂ ಉಳಿದಿರುವ ‘ಖರಾಬು’ ಅಲ್ಲಿಯ ದಾಖಲೆಯಲ್ಲಿಯೂ ಇದೆ. ಉಬ್ಬರ ತೊಯ್ಯಿಸುವ ಬಯಲು, ಕಾಂಡ್ಲಾ ಬೆಳೆದ ಕವಲು, ದನ ಒಂಟೆ ಮೇಯುವ ಉಪ್ಪುಹುಲ್ಲು ಎಲ್ಲವೂ ಸರ್ಕಾರಿ ಖರಾಬಿನ ಲೆಕ್ಕಕ್ಕೆ ಸೇರಿದವು. ನೂರು ವರ್ಷಗಳ ನಂತರ ಉದ್ಯಮಕ್ಕೆ ನೆಲ ಹಂಚುವಾಗ ಈ ಒಂದು ನಮೂದು ಬಹಳ ಸಲೀಸಾಗಿ ಕೆಲಸಕ್ಕೆ ಬಂತು.

ಸೂರತ್ ಬಳಿಯ ಸಚಿನ್ ಸಂಸ್ಥಾನ ಈ ನಕ್ಷೆಗಳಲ್ಲಿ ವಿಶಿಷ್ಟ ಪ್ರಕರಣ. ಜಂಜಿರಾದ ಸಿದ್ದಿ ಮನೆತನದ ಅಬ್ದುಲ್ ಕರೀಂ 1791ರಲ್ಲಿ ಪೇಶ್ವೆಯೊಂದಿಗಿನ ಒಪ್ಪಂದದಿಂದ ಪಡೆದ ಈ ಪುಟ್ಟ ರಾಜ್ಯದ ಹಳ್ಳಿಗಳು ಬ್ರಿಟಿಷ್ ಹಾಗೂ ಬರೋಡಾ ಹಳ್ಳಿಗಳ ನಡುವೆ ಚದುರಿದ್ದವು. ತಾಪಿ ಮತ್ತು ಮಿಂಢೋಳಾ ಮುಖಗಳ ನಡುವಿನ ಡುಮಸ್ ತೀರವೂ ಅದಕ್ಕೆ ಸೇರಿತ್ತು. ಬಾಂಬೆ ಗೆಜೆಟಿಯರ್ ಮಾಲೆ ಸೂರತ್ ಮತ್ತು ಭರೂಚ್ ಜಿಲ್ಲೆಗಳನ್ನು 1877ರ ಸಂಪುಟದಲ್ಲಿ, ಸಚಿನ್ ಒಳಗೊಂಡ ಸೂರತ್ ಸಂಸ್ಥಾನಗಳನ್ನು 1880ರ ಬೇರೊಂದು ಸಂಪುಟದಲ್ಲಿ ವರ್ಣಿಸಿತು. ಹೀಗೆ ಒಂದೇ ಅಳಿವೆಯ ಎರಡು ದಡಗಳ ವಿವರ ಎರಡು ಪುಸ್ತಕಗಳಲ್ಲಿ ಹಂಚಿಹೋಗಿದೆ. ಸಂಸ್ಥಾನ 1948ರಲ್ಲಿ ಬಾಂಬೆ ಪ್ರಾಂತದಲ್ಲಿ ವಿಲೀನವಾಯಿತು.

ತೈಲ ಮತ್ತು ಅನಿಲದ ಕಾಲ

1958ರಲ್ಲಿ ಖಂಭಾತ್ ಬಳಿಯ ಲುಣೇಜ್‌ನಲ್ಲಿ ತೈಲ ಮತ್ತು ಅನಿಲ ಆಯೋಗ ಕೊರೆದ ಬಾವಿಯಲ್ಲಿ ತೈಲ ಸಿಕ್ಕಿತು. 1960ರಲ್ಲಿ ನರ್ಮದೆಯ ದಕ್ಷಿಣಕ್ಕೆ ಅಂಕಲೇಶ್ವರ ಕ್ಷೇತ್ರ ಪತ್ತೆಯಾಯಿತು. ಅಲ್ಲಿಯ ಮೊದಲ ಬಾವಿಗೆ ನೆಹರೂ ‘ವಸುಧಾರಾ’ ಎಂದು ಹೆಸರಿಟ್ಟರು. ಮುಂದಿನ ವರ್ಷಗಳಲ್ಲಿ ಅಹಮದಾಬಾದ್ ಸುತ್ತಲಿನ ಕಲೋಲ್, ನವಾಗಾಮ್ ಕ್ಷೇತ್ರಗಳು ಬಂದವು. ವಡೋದರಾ ಬಳಿಯ ಕೋಯಲಿ ಸಂಸ್ಕರಣಾಗಾರ ಸೋವಿಯತ್ ನೆರವಿನಿಂದ 1965ರಲ್ಲಿ ಆರಂಭವಾಯಿತು. ಇವೆಲ್ಲ ಒಳನಾಡಿನವು, ಜೌಗಿಗೆ ಇವುಗಳ ನೇರ ಸಂಪರ್ಕ ಕಡಿಮೆ.

ಉದ್ಯಮ ಕೆಸರಿಗಿಳಿದದ್ದು ಮೂರು ಕಡೆ. ಮೊದಲನೆಯದು ಆಲಿಯಾಬೇಟ್. 1960ರ ದಶಕದಲ್ಲಿ ಸೋವಿಯತ್ ನೆರವಿನಿಂದ ನಡೆದ ಕಡಲ ಭೂಕಂಪನ ಸಮೀಕ್ಷೆಯ ನಂತರ ಕೊಲ್ಲಿಯ ಆಲಿಯಾಬೇಟ್ ರಚನೆಯಲ್ಲಿ 1970ರಲ್ಲಿ ದೇಶದ ಮೊದಲ ಕಡಲ ಬಾವಿಯ ಕೊರೆತ ಶುರುವಾಯಿತು. ವಾಣಿಜ್ಯ ಪ್ರಮಾಣದ ತೈಲ ಅಲ್ಲಿ ದೊರೆಯಲಿಲ್ಲ. ಆದರೆ ನರ್ಮದಾ ಮುಖದ ಈ ಹೆಸರಿನ ದ್ವೀಪ ಆ ಹೊತ್ತಿನಿಂದ ತೈಲ ಭೂಗೋಳದ ಭಾಗವಾಯಿತು.

ಎರಡನೆಯದು ನರ್ಮದಾ ಮತ್ತು ಢಾಢರ್ ನಡುವಿನ ಗಂಧಾರ್ ಕ್ಷೇತ್ರ. 1980ರ ದಶಕದ ಮೊದಲರ್ಧದಲ್ಲಿ ಪತ್ತೆಯಾದ ಇದು ಭರೂಚ್ ಜಿಲ್ಲೆಯ ಉಪ್ಪುಬಯಲು ಮತ್ತು ಕೆಸರುಬಯಲುಗಳ ಅಂಚಿನಲ್ಲಿದೆ. ಉಬ್ಬರದ ನೆಲದಲ್ಲಿ ಬಾವಿ ಕೊರೆಯಲು ಮೊದಲು ಮಣ್ಣು ಏರಿಸಿ ಕಟ್ಟೆ ಮಾಡಬೇಕು, ಕಟ್ಟೆಗೆ ಲಾರಿ ಹೋಗಲು ಎತ್ತರದ ರಸ್ತೆ ಬೇಕು, ಬಾವಿಯಿಂದ ಸಂಗ್ರಹ ಠಾಣೆಗೆ ಕೊಳವೆ ಬೇಕು, ಕೊರೆತದ ಕೆಸರಿಗೆ ಹೊಂಡ ಬೇಕು. ಕವಲಿಗೆ ಅಡ್ಡವಾದ ಕಡೆ ರಸ್ತೆ ಒಡ್ಡಾಗಿಬಿಡುತ್ತದೆ. ಸಾಕಷ್ಟು ಮೋರಿಗಳಿಲ್ಲದಿದ್ದರೆ ಒಡ್ಡಿನ ಒಳಮಗ್ಗುಲಿಗೆ ಉಬ್ಬರ ತಲುಪದೆ ಕಾಂಡ್ಲಾ ಒಣಗುತ್ತದೆ, ಮಳೆನೀರು ಹೊರಹೋಗದೆ ನಿಂತು ಆವಿಯಾಗಿ ಉಪ್ಪು ಉಳಿಯುತ್ತದೆ. ನಕ್ಷೆಯಲ್ಲಿ ಬಾವಿ ಒಂದು ಚುಕ್ಕೆ ಮಾತ್ರ. ಜೌಗನ್ನು ಬದಲಿಸುವುದು ಚುಕ್ಕೆಗಳನ್ನು ಜೋಡಿಸುವ ಗೆರೆಗಳು.

ಮೂರನೆಯದೂ ದೊಡ್ಡದೂ ಹಜಿರಾ. ಇಲ್ಲಿಗೆ ಅನಿಲ ಬಂದದ್ದು ದೂರದಿಂದ. 1974ರಲ್ಲಿ ಬಾಂಬೆ ಹೈ, 1976ರಲ್ಲಿ ದಕ್ಷಿಣ ಬಸ್ಸೈನ್ ಅನಿಲ ಕ್ಷೇತ್ರ ಪತ್ತೆಯಾದವು. ಬಸ್ಸೈನ್‌ನ ಗಂಧಕಯುಕ್ತ ಅನಿಲವನ್ನು 200 ಕಿ.ಮೀ. ಮೀರಿದ ಕಡಲಡಿ ಕೊಳವೆಯಲ್ಲಿ ತಾಪಿ ಮುಖಕ್ಕೆ ತಂದು ಶುದ್ಧಗೊಳಿಸುವ ಕೇಂದ್ರ 1980ರ ದಶಕದ ಮಧ್ಯದಲ್ಲಿ ಕಾರ್ಯಾರಂಭ ಮಾಡಿತು. 1984ರಲ್ಲಿ ಸ್ಥಾಪನೆಯಾದ ಭಾರತೀಯ ಅನಿಲ ಪ್ರಾಧಿಕಾರ ಹಜಿರಾದಿಂದ ಬಿಜಯಪುರದ ಮೂಲಕ ಜಗದೀಶಪುರಕ್ಕೆ ಸುಮಾರು 1,700 ಕಿ.ಮೀ. ಕೊಳವೆ ಹಾಕಿತು. ಅನಿಲದ ಬೆನ್ನಿಗೆ ಕ್ರಿಭ್ಕೊ ಗೊಬ್ಬರ ಕಾರ್ಖಾನೆ, ಕವಾಸ್ ವಿದ್ಯುತ್ ಸ್ಥಾವರ, ಉಕ್ಕು ಮತ್ತು ಪೆಟ್ರೋರಾಸಾಯನಿಕ ಘಟಕಗಳು, ಖಾಸಗಿ ಧಕ್ಕೆಗಳು ಬಂದವು. ಹೊರದೇಶದ ದ್ರವೀಕೃತ ಅನಿಲ ಇಳಿಸುವ ನೆಲೆಗಳು ದಹೇಜ್‌ನಲ್ಲಿ 2004ರಲ್ಲಿ, ಹಜಿರಾದಲ್ಲಿ 2005ರಲ್ಲಿ ಆರಂಭವಾದವು. ಹಡಗು ಬರಲು ಹೂಳೆತ್ತಿದರು. ಎತ್ತಿದ ಹೂಳನ್ನು ಕೆಸರುಬಯಲಿಗೆ ಸುರಿದು ನೆಲ ಏರಿಸಿದರು. ನಾಲ್ಕು ದಶಕಗಳ ಉಪಗ್ರಹ ಚಿತ್ರಗಳಲ್ಲಿ ಹಜಿರಾ ದಂಡೆಯ ವಕ್ರ ತೀರ ನೇರ ಅಂಚುಗಳ ಚೌಕಗಳಾಗಿ ಮಾರ್ಪಟ್ಟಿರುವುದು ಸ್ಪಷ್ಟವಾಗಿ ಕಾಣುತ್ತದೆ.

ವಡೋದರಾ ಕಡೆಯಿಂದ ಜೌಗಿಗೆ ತಗುಲಿದ್ದು ಇನ್ನೊಂದು ಗೆರೆ. ಕೋಯಲಿ ಸುತ್ತಲಿನ ಪೆಟ್ರೋರಾಸಾಯನಿಕ ಪಟ್ಟಿಯ ತ್ಯಾಜ್ಯನೀರನ್ನು ಮಹಿ ಅಳಿವೆಗೆ ಒಯ್ಯುವ ಸುಮಾರು 56 ಕಿ.ಮೀ. ಕಾಲುವೆ 1983ರಲ್ಲಿ ತೆರೆಯಿತು. ಹಿಂದೆ ಸಂಸ್ಥಾನವಾಗಿದ್ದ ಸಚಿನ್ ಈಗ ಜವಳಿ ಸಂಸ್ಕರಣೆಯ ಕೈಗಾರಿಕಾ ವಸಾಹತು ಮತ್ತು ವಿಶೇಷ ಆರ್ಥಿಕ ವಲಯ. ಅದು ತೈಲ ಕ್ಷೇತ್ರವಲ್ಲ. ಹಜಿರಾದ ಹಿನ್ನಾಡಿನ ಭಾಗವಾಗಿ ಮಾತ್ರ ಈ ನಕ್ಷೆಗಳೊಳಗೆ ಬರುತ್ತದೆ.

ನಕ್ಷೆಗಳ ಬಗೆ ಮತ್ತು ರಚನೆ

ಭಾರತೀಯ ಸರ್ವೇಕ್ಷಣ ಇಲಾಖೆಯ ಹಾಳೆ ವಿಂಗಡಣೆಯಲ್ಲಿ 21ರಿಂದ 22 ಡಿಗ್ರಿ ಉತ್ತರ ಅಕ್ಷಾಂಶ, 72ರಿಂದ 73 ಡಿಗ್ರಿ ಪೂರ್ವ ರೇಖಾಂಶದ ಚೌಕ 46ಸಿ. ಹಜಿರಾ, ಸೂರತ್, ಸಚಿನ್, ದಹೇಜ್, ಗಂಧಾರ್, ಆಲಿಯಾಬೇಟ್ ಎಲ್ಲವೂ ಈ ಒಂದೇ ಚೌಕದೊಳಗಿವೆ. ಅದರ ಹದಿನಾರು ವಿಭಾಗಗಳಲ್ಲಿ ಹಜಿರಾ 46ಸಿ/12ರಲ್ಲಿ, ಸಚಿನ್ 46ಸಿ/16ರಲ್ಲಿ ಬರುತ್ತದೆ. ಮೊದಲು ಒಂದು ಮೈಲಿಗೆ ಒಂದು ಅಂಗುಲದ ಪ್ರಮಾಣದಲ್ಲಿದ್ದ ಹಾಳೆಗಳು ಮೆಟ್ರಿಕ್ ಪದ್ಧತಿ ಬಂದ ಮೇಲೆ 1:50,000ಕ್ಕೆ ಬದಲಾದವು. ಈ ಹಾಳೆಗಳಲ್ಲಿ ಸಮೋನ್ನತಿ ರೇಖೆಗಳ ಅಂತರ ಸಾಮಾನ್ಯವಾಗಿ 20 ಮೀಟರ್. ಇಡೀ ಕರಾವಳಿ ಜೌಗು ಅದಕ್ಕಿಂತ ಬಹಳ ತಗ್ಗಿನದು. ಹಾಗಾಗಿ ಬೆಟ್ಟಗಳನ್ನು ಚೆನ್ನಾಗಿ ತೋರಿಸುವ ಹಾಳೆ ಇಲ್ಲಿಯ ಒಂದೆರಡು ಮೀಟರ್ ಏರಿಳಿತದ ಬಗ್ಗೆ ಏನೂ ಹೇಳದು.

ಅದೇ ಕೆಸರುಬಯಲನ್ನು ಕಡಲ ಪಟ ಬೇರೆಯೇ ರೀತಿ ಕಾಣುತ್ತದೆ. ಡೆಹರಾಡೂನ್‌ನ ರಾಷ್ಟ್ರೀಯ ಜಲಮಾಪನ ಕಚೇರಿ ಹೊರತರುವ ಪಟಗಳಲ್ಲಿ ಇಳಿತದಲ್ಲಿ ಬರಿದಾಗುವ ನೆಲಕ್ಕೆ ಹಸಿರು ಬಣ್ಣ; ಅದರ ಎತ್ತರವನ್ನು ಅಳೆಯುವುದು ಸರಾಸರಿ ಸಮುದ್ರಮಟ್ಟದಿಂದಲ್ಲ, ಇಳಿತದ ಮಟ್ಟದಿಂದ. ಭೂಲಕ್ಷಣ ಹಾಳೆಯ ತೀರ ಮತ್ತು ಕಡಲ ಪಟದ ತೀರ ಒಂದನ್ನೊಂದು ಹೊಂದದಿರುವುದಕ್ಕೆ ಇದೇ ಕಾರಣ.

ತೈಲ ಉದ್ಯಮದ ಸ್ವಂತ ನಕ್ಷೆಗಳು ಮೂರನೆಯ ಬಗೆ. ಪರಿಶೋಧನಾ ಪರವಾನಗಿ ಮತ್ತು ಗಣಿ ಗುತ್ತಿಗೆಯ ಎಲ್ಲೆಗಳು, ಭೂಕಂಪನ ರೇಖೆಗಳು, ನೆಲದಾಳದ ಪದರಗಳ ಆಳರೇಖೆಗಳು ಇವುಗಳಲ್ಲಿವೆ. ಮೇಲ್ಮೈಯ ಜೌಗು ಬಹುತೇಕ ಇರುವುದಿಲ್ಲ. 1993ರಲ್ಲಿ ರೂಪುಗೊಂಡ ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯ ಈ ಎಲ್ಲೆಗಳ ದಾಖಲೆ ಇಡುತ್ತದೆ.

ದೂರಸಂವೇದಿ ಆಧಾರದ ನಕ್ಷೆಗಳು ನಾಲ್ಕನೆಯ ಬಗೆ. ಅಮೆರಿಕದ ಕೊರೋನಾ ಬೇಹು ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಚಿತ್ರಗಳು 1995ರಲ್ಲಿ ಬಹಿರಂಗವಾದವು. ಹಜಿರಾದ ಉದ್ಯಮಪೂರ್ವ ಸ್ಥಿತಿಗೆ ಇಂಥ ಚಿತ್ರಗಳು ಉಪಯುಕ್ತ. ಅಮೆರಿಕ ಸೇನಾ ನಕ್ಷೆ ಸೇವೆಯ 1:250,000 ಪ್ರಮಾಣದ ಯು502 ಮಾಲೆಯೂ ಇದೇ ಕಾಲದ ಆಸುಪಾಸಿನದು. 1972ರಿಂದ ಲ್ಯಾಂಡ್‌ಸ್ಯಾಟ್, 1988ರಿಂದ ಭಾರತದ ಐಆರ್‌ಎಸ್ ಸರಣಿ ನಿರಂತರ ಚಿತ್ರಗಳನ್ನು ಕೊಟ್ಟವು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರ 1992–93ರ ಚಿತ್ರಗಳಿಂದ ದೇಶದ ಮೊದಲ ಜೌಗು ನಕ್ಷೆಗಳನ್ನು ಸಿದ್ಧಪಡಿಸಿತು. ಅದರ ರಾಷ್ಟ್ರೀಯ ಜೌಗು ಅಟ್ಲಾಸ್ 2006–07ರ ಚಿತ್ರಗಳನ್ನು ಆಧರಿಸಿ 1:50,000 ಪ್ರಮಾಣದಲ್ಲಿ ಜೌಗುಗಳನ್ನು 19 ವರ್ಗಗಳಾಗಿ ಗುರುತಿಸಿತು. ಅದರ ಪ್ರಕಾರ ದೇಶದ 152.6 ಲಕ್ಷ ಹೆಕ್ಟೇರ್ ಜೌಗಿನಲ್ಲಿ ಗುಜರಾತಿನ ಪಾಲು 34.7 ಲಕ್ಷ, ಯಾವ ರಾಜ್ಯಕ್ಕಿಂತಲೂ ಹೆಚ್ಚು.

ಹೋಲಿಕೆಯ ವಿಧಾನ ಮತ್ತು ಮಿತಿಗಳು

ಹಳೆಯ ಹಾಳೆಗಳು ಎವರೆಸ್ಟ್ ಗೋಲಾಭ ಮತ್ತು ಬಹುಶಂಕು ಪ್ರಕ್ಷೇಪಣೆಯನ್ನು ಬಳಸುತ್ತವೆ, ಉಪಗ್ರಹ ಚಿತ್ರಗಳು ಡಬ್ಲ್ಯುಜಿಎಸ್-84 ಮಾನವನ್ನು. ಇವನ್ನು ಪರಿವರ್ತಿಸದೆ ಒಂದರ ಮೇಲೊಂದು ಇಟ್ಟರೆ ಕದಲದ ತೀರವೂ ಕದಲಿದಂತೆ ತೋರುತ್ತದೆ. ಇದಕ್ಕಿಂತ ಕಠಿಣವಾದದ್ದು ಉಬ್ಬರದ ಹೊತ್ತಿನ ಪ್ರಶ್ನೆ. ಚಿತ್ರ ತೆಗೆದ ಗಳಿಗೆಯಲ್ಲಿ ನೀರು ಎಷ್ಟಿತ್ತು ಎಂದು ತಿಳಿಯದೆ ಕೆಸರುಬಯಲಿನ ವಿಸ್ತೀರ್ಣ ಲೆಕ್ಕಹಾಕಿದರೆ ಆ ಅಂಕಿಗೆ ಅರ್ಥವಿಲ್ಲ. ನೀರಿನ ಅಂಚಿಗಿಂತ ಸಸ್ಯದ ಅಂಚು, ಅಂದರೆ ಕಾಂಡ್ಲಾ ಮತ್ತು ಉಪ್ಪುಹುಲ್ಲಿನ ಗಡಿ, ಹೋಲಿಕೆಗೆ ಹೆಚ್ಚು ನಂಬಲರ್ಹ.

ಕಾರಣ ನಿರ್ಣಯ ಇನ್ನೊಂದು ತೊಡಕು. ತಾಪಿಗೆ 1954ರಲ್ಲಿ ಕಾಕ್ರಾಪಾರ್ ಒಡ್ಡು, 1972ರಲ್ಲಿ ಉಕಾಯಿ ಅಣೆಕಟ್ಟು ಬಂದವು. ನರ್ಮದೆಯ ಸರ್ದಾರ್ ಸರೋವರ 2017ರಲ್ಲಿ ಪೂರ್ಣ ಎತ್ತರದಲ್ಲಿ ಲೋಕಾರ್ಪಣೆಯಾಯಿತು. ಜಲಾಶಯಗಳು ಹೂಳನ್ನು ಹಿಡಿದಿಡುವುದರಿಂದ ಅಳಿವೆಗೆ ಬರುವ ಮಣ್ಣು ಕಡಿಮೆಯಾಗುತ್ತದೆ. ಉಪ್ಪಿನ ಆಗರ, ಸೀಗಡಿ ಕೊಳ, ಖಾರ್ (ಉಪ್ಪುನೆಲದ) ಜಮೀನಿನ ಒಡ್ಡುಗಳೂ ಇದೇ ಬಯಲಿನಲ್ಲಿವೆ. ಆದ್ದರಿಂದ ತೀರದ ಪ್ರತಿಯೊಂದು ಬದಲಾವಣೆಯನ್ನೂ ತೈಲದ ಖಾತೆಗೆ ಬರೆಯುವುದು ಸರಿಯಲ್ಲ. ರಸ್ತೆ, ಕಟ್ಟೆ, ಧಕ್ಕೆ, ಏರಿಸಿದ ನೆಲಗಳಂತಹ ಜ್ಯಾಮಿತೀಯ ಗುರುತುಗಳನ್ನು ಮಾತ್ರ ನಕ್ಷೆಯ ಬಲದಿಂದ ಉದ್ಯಮಕ್ಕೆ ಆರೋಪಿಸಬಹುದು.

ಹೋಲಿಕೆಗೆ ಅಮೆರಿಕದ ಲೂಯಿಸಿಯಾನಾವನ್ನು ಮತ್ತೆ ಮತ್ತೆ ತೆಗೆದುಕೊಳ್ಳುತ್ತಾರೆ. ಅಲ್ಲಿ 1932ರಿಂದ 2016ರ ನಡುವೆ ಸುಮಾರು 4,833 ಚದರ ಕಿ.ಮೀ. ಕರಾವಳಿ ನೆಲ ನಷ್ಟವಾಗಿರುವುದನ್ನು ನಕ್ಷೆ ಮತ್ತು ಚಿತ್ರಗಳಿಂದ ಲೆಕ್ಕಹಾಕಲಾಗಿದೆ. ಬಾವಿಗಳಿಗೆ ದೋಣಿಯಲ್ಲಿ ಹೋಗಲು ಅಗೆದ ಕಾಲುವೆಗಳು ನೆಲಕುಸಿತ, ಹೂಳಿನ ಕೊರತೆಗಳ ಜೊತೆಗೆ ಅದಕ್ಕೊಂದು ಕಾರಣ. ಖಂಭಾತ್‌ನಲ್ಲಿ ಕ್ರಮ ತಿರುಗಾಮುರುಗಾ: ಅಲ್ಲಿ ನೆಲ ನೀರಾಯಿತು, ಇಲ್ಲಿ ಮುಖ್ಯವಾಗಿ ಉಬ್ಬರದ ನೆಲ ಒಣನೆಲವಾಯಿತು. ಲೂಯಿಸಿಯಾನಾದ ಲೆಕ್ಕವನ್ನು ಹಾಗೆಯೇ ಇಲ್ಲಿಗೆ ಅನ್ವಯಿಸಲಾಗದು.

ಬಳಕೆ

1991ರ ಫೆಬ್ರವರಿಯ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಿಂದ ಉಬ್ಬರರೇಖೆಗೆ ಕಾನೂನಿನ ತೂಕ ಬಂತು. ಕಾಂಡ್ಲಾ ಮುಂತಾದ ಸೂಕ್ಷ್ಮ ಪ್ರದೇಶಗಳು ಮೊದಲ ವರ್ಗಕ್ಕೆ ಸೇರಿದವು. 2011 ಮತ್ತು 2019ರ ಅಧಿಸೂಚನೆಗಳು ನಿಯಮಗಳನ್ನು ಬದಲಿಸಿದವು. 1:25,000 ಪ್ರಮಾಣದ ನಿರ್ವಹಣಾ ನಕ್ಷೆಗಳೂ ಸ್ಥಳೀಯ ಬಳಕೆಗೆ 1:4,000 ಪ್ರಮಾಣದವೂ ತಯಾರಾದವು. ಕಂದಾಯದ ಖರಾಬು ಈ ನಕ್ಷೆಯಲ್ಲಿ ರಕ್ಷಿತ ಜೌಗಾಗಿ ಕಾಣಿಸಿಕೊಂಡಾಗ ವ್ಯಾಜ್ಯ ಹುಟ್ಟುತ್ತದೆ. ಹಜಿರಾದ ಮೀನುಗಾರರ ಸಮಿತಿ ಹೂಡಿದ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಜನವರಿಯಲ್ಲಿ ಬಂದರು ವಿಸ್ತರಣೆಯ ಪರಿಸರ ಅನುಮತಿಯನ್ನು ರದ್ದುಗೊಳಿಸಿ 25 ಕೋಟಿ ರೂಪಾಯಿ ಠೇವಣಿ ಇಡಲು ಆದೇಶಿಸಿತು. ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು.

2006ರ ಆಗಸ್ಟ್‌ನಲ್ಲಿ ಉಕಾಯಿಯಿಂದ ಬಿಟ್ಟ ನೀರು ಸೂರತ್ ನಗರವನ್ನು ಮುಳುಗಿಸಿದ ನಂತರ ತಾಪಿ ಅಳಿವೆಯ ಹಳೆಯ ಹಾಳೆಗಳಿಗೆ ಪ್ರವಾಹ ಅಧ್ಯಯನದಲ್ಲಿಯೂ ಬೇಡಿಕೆ ಬಂತು. ಭಾರತೀಯ ಅರಣ್ಯ ಸರ್ವೇಕ್ಷಣೆ ಕಾಂಡ್ಲಾ ವಿಸ್ತೀರ್ಣವನ್ನು 1987ರಿಂದ ಅಂದಾಜು ಮಾಡುತ್ತಿದೆ. ಗುಜರಾತಿನ ಲೆಕ್ಕ 1987ರಲ್ಲಿ 427 ಚದರ ಕಿ.ಮೀ. ಇದ್ದದ್ದು 2019ರಲ್ಲಿ 1,177ಕ್ಕೆ ಏರಿದೆ. ಇದರ ಬಹುಭಾಗ ಕಚ್ಛ್ ಕರಾವಳಿಯದು ಎಂಬುದನ್ನು ಮರೆತು ಈ ಏರಿಕೆಯನ್ನು ಖಂಭಾತ್ ದಂಡೆಗೆ ಹೊಂದಿಸುವುದು ಚಾಲ್ತಿಯಲ್ಲಿರುವ ತಪ್ಪು.

ಈಗಿನ ಸ್ಥಿತಿ

ದೀರ್ಘಕಾಲ ಕರಾವಳಿ ಪಟ್ಟಿಯ ದೊಡ್ಡ ಪ್ರಮಾಣದ ಹಾಳೆಗಳು ರಕ್ಷಣಾ ಕಾರಣಕ್ಕೆ ನಿರ್ಬಂಧಿತವಾಗಿದ್ದವು. ತೈಲ ಸ್ಥಾವರಗಳನ್ನು ಸಾರ್ವಜನಿಕ ನಕ್ಷೆಗಳಲ್ಲಿ ತೋರಿಸುತ್ತಿರಲಿಲ್ಲ. ಈ ದಂಡೆಯನ್ನು ಅತಿ ಹೆಚ್ಚು ಬದಲಿಸಿದ ಕಟ್ಟಡಗಳೇ ಅದರ ನಕ್ಷೆಯಲ್ಲಿ ಇರಲಿಲ್ಲ ಎಂದಾಯಿತು. 2005ರ ರಾಷ್ಟ್ರೀಯ ನಕ್ಷೆ ನೀತಿ ಸಾರ್ವಜನಿಕ ಬಳಕೆಗೆ ಪ್ರತ್ಯೇಕ ಮಾಲೆಯನ್ನು ತಂದಿತು. 2021ರ ಫೆಬ್ರವರಿಯ ಮಾರ್ಗಸೂಚಿ ಮತ್ತು 2022ರ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ ಭಾರತೀಯರು ನಕ್ಷೆ ತಯಾರಿಸಲು ಇದ್ದ ಪೂರ್ವಾನುಮತಿಯ ಅಡ್ಡಿಯನ್ನು ಬಹುಮಟ್ಟಿಗೆ ತೆಗೆದವು. ಇಸ್ರೋದ ‘ಭುವನ್’ ತಾಣ, ಗಾಂಧಿನಗರದ ಭಾಸ್ಕರಾಚಾರ್ಯ ಸಂಸ್ಥೆಯ ರಾಜ್ಯಮಟ್ಟದ ದತ್ತಾಂಶ ಮತ್ತು ಬಾಹ್ಯಾಕಾಶ ಅನ್ವಯಿಕ ಕೇಂದ್ರ 2022ರಲ್ಲಿ ಹೊರತಂದ ಜೌಗು ದಶಕ ಬದಲಾವಣೆ ಅಟ್ಲಾಸ್ ಈಗಿನ ಮುಖ್ಯ ಆಕರಗಳು. ಕಂದಾಯ ನಕ್ಷೆ, ಕಡಲ ಪಟ, ಗುತ್ತಿಗೆ ಎಲ್ಲೆಗಳು ಮಾತ್ರ ಇನ್ನೂ ಬೇರೆ ಬೇರೆ ಕಚೇರಿಗಳಲ್ಲಿವೆ.

ದಂಡೆಯೂ ನಿಂತಿಲ್ಲ. ದಹೇಜ್ ಸುತ್ತ 453 ಚದರ ಕಿ.ಮೀ. ವ್ಯಾಪ್ತಿಯ ಪೆಟ್ರೋಲಿಯಂ ಮತ್ತು ರಾಸಾಯನಿಕ ಹೂಡಿಕೆ ಪ್ರದೇಶವನ್ನು 2009ರಲ್ಲಿ ಗೊತ್ತುಪಡಿಸಲಾಗಿದೆ. ಭರೂಚ್ ಬಳಿ ನರ್ಮದೆಗೆ ಅಡ್ಡಲಾಗಿ ಉಪ್ಪುನೀರು ತಡೆಯುವ ಭಾಡ್‌ಭೂತ್ ಒಡ್ಡಿನ ಕೆಲಸವನ್ನು ಕೈಗೆತ್ತಿಕೊಳ್ಳಲಾಗಿದೆ. ಕೊಲ್ಲಿಗೇ ಅಡ್ಡಲಾಗಿ ಅಣೆ ಕಟ್ಟುವ ಕಲ್ಪಸರ್ ಯೋಜನೆ ದಶಕಗಳಿಂದ ಅಧ್ಯಯನದ ಹಂತದಲ್ಲಿದೆ. ಅದು ಕಾರ್ಯಗತವಾದರೆ ಅಣೆಯ ಒಳಗಡೆ ಉಬ್ಬರರೇಖೆ ಎಂಬುದೇ ಇರುವುದಿಲ್ಲ.